ಅತ್ತೆ ಹತ್ತಿದ ದೋಣಿ

ನಾನು ಇಂಡಿ ಪಟ್ಟಣದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕ್ಯಾಮೆರಾ ಕೊಂಡ ಮೇಲೆ ನನಗೊಂದು ರೋಗ ಹತ್ತಿತು. ಮುರಿದದ್ದು, ತುಕ್ಕು ಹಿಡಿದದ್ದು, ಯಾರಿಗೂ ಬೇಡವಾದದ್ದು ಕಂಡರೆ ನಿಂತು ಫೋಟೊ ತೆಗೆಯುವುದು. “ಮನ್ಯಾಗ ನಾನೂ ಅದೇನಿ” ಎಂದು ಗಂಡ ಒಮ್ಮೆ ನೆನಪಿಸಿದರು. ನಾನಾಗ ಬಾಗಿಲ ಚಿಲಕದ ಮೇಲೆ ಫೋಕಸ್ ಮಾಡುತ್ತಿದ್ದೆ.

ಭೀಮಾ ನದಿಗೆ ಅಡ್ಡಲಾಗಿ ಬಾಂದಾರ ಕಟ್ಟಿದ ಮೇಲೆ ಜನ ಅದರ ಮೇಲೆಯೇ ಬೈಕು ಓಡಿಸಿಕೊಂಡು ಆಚೆ ದಂಡೆಗೆ ಹೋಗುತ್ತಾರೆ. ದೋಣಿಗಳು ಜಾಲಿ ಕಂಟಿಗಳ ನಡುವೆ ಬಿದ್ದಿವೆ. ಒಂದರಲ್ಲಿ ಸಗಣಿಯ ಕುಳ್ಳು ಒಟ್ಟಿದ್ದಾರೆ, ಇನ್ನೊಂದರಲ್ಲಿ ಆಡು ಮಲಗುತ್ತದೆ. ಒಂದು ಭಾನುವಾರ ಅವುಗಳ ಫೋಟೊಗೆಂದು ಕಾರು ತೆಗೆದರೆ ಅತ್ತೆ ಮೊದಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ಟಿವಿ ನೋಡಿ ಬೇಜಾರಾಗಿತ್ತಂತೆ. ಅವರ ತವರು ಹೊಳೆಯಾಚೆಯ ಮರಾಠಿ ಊರು. ದೇವರ ಜೊತೆ ಮರಾಠಿ ಮಾತಾಡುತ್ತಾರೆ, ನಮ್ಮನ್ನು ಬೈಯಲು ಕನ್ನಡ.

ದಂಡೆಯ ಮೇಲೆ ನಾನು ಮೊಣಕಾಲೂರಿ ಒಂದು ತಗಡಿನ ದೋಣಿಯನ್ನು ನೋಡುತ್ತಿದ್ದೆ.

“ಇದರಾಗ ಏನ್ ಚಂದ ಐತಿ?” ಎಂದರು ಅತ್ತೆ.

“ಒಂಥರಾ ಮೌನ ಐತ್ರಿ, ಅತ್ತಿ.”

“ಮೌನಲ್ಲ, ಹೇಲು ಐತಿ. ಕಾಲ ನೋಡಿ ಇಡು.”

ನಿಜವೇ ಇತ್ತು. ನಾನು ಜಾಗ ಬದಲಿಸಿದೆ. ಅತ್ತೆ ದೋಣಿಯ ಅಂಚನ್ನು ತಟ್ಟಿ ನೋಡಿದರು.

“ನಾ ಮದಿವ್ಯಾಗಿ ಬಂದದ್ದು ಇಂಥಾದ್ರಾಗ. ನಡು ಹೊಳ್ಯಾಗ ನಿಮ್ಮ ಮಾವಾರ ಹೊಸಾ ಧೋತರದ ಮ್ಯಾಲ ವಾಂತಿ ಮಾಡಿಕೊಂಡ್ನಿ.”

“ಮಾವಾರು ಏನಂದ್ರು?”

“ಏನಂತಾರ? ಮಾರಿ ಸೊಟ್ಟ ಮಾಡಿ ಆ ಕಡೆ ತಿರುಗಿದ್ರು. ಕಡೀತನಾ ಆ ಚಟ ಬಿಡಲಿಲ್ಲ.” ಮತ್ತೊಮ್ಮೆ ಅಂಚು ತಟ್ಟಿ, “ಒಳಗ ಕುಂದರ್ತೇನಿ, ಒಂದು ತಗಿ” ಎಂದರು.

“ಮಂದಿ ಕುಂತ್ರ ಅದು ಬಿಟ್ಟ ದೋಣಿ ಅನಸಂಗಿಲ್ರಿ.”

“ಮಂದಿ ಇಲ್ಲಂದ್ರ ನಿನ್ನ ಫೋಟೊ ಯಾರ್ ನೋಡ್ತಾರ?”

ನನ್ನ ಉತ್ತರಕ್ಕೆ ಕಾಯದೆ ಅವರು ಒಂದು ಕಲ್ಲಿನ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು ಒಳಗೆ ಇಳಿದರು. ಸೆರಗು ಸರಿಮಾಡಿಕೊಂಡು ಹಲಗೆಯ ಮೇಲೆ ಕೂತರು. ನಾನು ನಾಕಾರು ಫೋಟೊ ತೆಗೆದೆ. ಆಮೇಲೆ ಹೊರಗೆ ಬರಬೇಕೆಂದರೆ ಅಂಚು ದಾಟುವಷ್ಟು ಮೊಣಕಾಲು ಮೇಲೇಳಲಿಲ್ಲ. ಒಳಗಡೆ ಕಲ್ಲಿರಲಿಲ್ಲ, ಅಂಚು ಸೊಂಟದವರೆಗೆ ಬರುತ್ತಿತ್ತು. ನಾನು ಕೈ ಹಿಡಿದು ಎಳೆದೆ. ಅವರು ಹೊರಗೆ ಬರುವುದಕ್ಕಿಂತ ನಾನೇ ಒಳಗೆ ಬೀಳುವ ಲಕ್ಷಣ ಕಂಡಿತು.

ಹತ್ತಿರದಲ್ಲಿ ಪಂಪ್‌ಸೆಟ್ಟಿಗೆ ಪೈಪು ಜೋಡಿಸುತ್ತಿದ್ದ ಇಬ್ಬರು ಬಂದರು. “ಕೈ ಕೊಡ್ರಿ ಆಯಿ, ಎತ್ತತೇವಿ” ಎಂದ ಒಬ್ಬ.

“ಎತ್ತಾಕ ನಾ ಏನ್ ಜ್ವಾಳದ ಚೀಲಾ? ಯಾರೂ ಮುಟ್ಟಬ್ಯಾಡ್ರಿ.”

“ಹಂಗಾದ್ರ ಏನ್ ಮಾಡೂಣ್ರಿ?”

“ದೋಣಿ ವಾಲಸ್ರಿ. ನಾ ನಡಕೋತ ಬರ್ತೇನಿ.”

ಅವರು ಕಬ್ಬಿನ ಹೊಲದಿಂದ ಇನ್ನಿಬ್ಬರನ್ನು ಕೂಗಿ ಕರೆದರು. ನಾಲ್ವರೂ ಸೇರಿ ಒಂದು ಮಗ್ಗುಲಿಗೆ ಒತ್ತಿದರು. ಹೂಳಿನಲ್ಲಿ ಹೂತಿದ್ದ ದೋಣಿ ಕಿರುಗುಟ್ಟಿತು. ಅದರ ನೆರಳಿಗೆ ಮಲಗಿದ್ದ ನಾಯಿ ಎದ್ದು ನಮ್ಮೆಲ್ಲರನ್ನೂ ಒಮ್ಮೆ ನೋಡಿ ದೂರ ಹೋಯಿತು. ಒಳಗೆ ಅಂಚು ಹಿಡಿದು ನಿಂತ ಅತ್ತೆ ಬೆರಳು ತೋರಿಸಿ, “ನೀ ಕೆಳಗ ಹಿಡಿ. ನೀ ಏನ್ ನಕ್ಕೋತ ನಿಂತಿ?” ಎಂದು ಅಪ್ಪಣೆ ಕೊಡುತ್ತಿದ್ದರು. ನಾನು ಕ್ಯಾಮೆರಾ ಕಣ್ಣಿಗೆ ಹಚ್ಚಿಯೇ ಇದ್ದೆ.

“ಅಕ್ಕೋರ, ಫೋಟೊ ಆಮ್ಯಾಲ ತಗೀರಿ, ಮೊದಲ ಬಂದು ಹಿಡೀರಿ” ಎಂದ ಮತ್ತೊಬ್ಬ. ನಮ್ಮ ಕಡೆ ಅಕ್ಕೋರೆಂದರೆ ಶಾಲೆಯ ಟೀಚರು. ಅದು ನನ್ನ ಮುಖದ ಮೇಲೇ ಬರೆದಿರಬೇಕು.

ದೋಣಿ ಸಾಕಷ್ಟು ವಾಲಿದ ಮೇಲೆ ಅತ್ತೆ ಒಂದು ಕೈಯಲ್ಲಿ ನಿರಿಗೆ ಹಿಡಿದು, ಬಸ್ಸಿನಿಂದ ಇಳಿದಂತೆ ಇಳಿದು ಬಂದರು. “ನೂರು ವರ್ಷ ಬಾಳ್ರಿ” ಎಂದು ನಾಲ್ವರನ್ನೂ ಹರಸಿದರು.

ಸಂಜೆ ಕಂಪ್ಯೂಟರಿನಲ್ಲಿ ನೋಡಿದರೆ ನನ್ನ ಖಾಲಿ ದೋಣಿಗಳೆಲ್ಲ ಒಂದೇ ತರ ಸಪ್ಪಗಿದ್ದವು. ನಾಲ್ವರು ಬಗ್ಗಿ ಒತ್ತುವುದು, ನಡುವೆ ಅತ್ತೆ ಬೆರಳು ಎತ್ತಿ ನಿಂತಿರುವುದು, ಅದೊಂದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, “ಈ ಮಗ್ಗಲಿಂದ ಯಾಕ್ ತಗದಿ? ದಪ್ಪ ಕಾಣಸ್ತೇನಿ” ಎಂದರು. ಆದರೂ ಮನೆಗೆ ಬಂದವರಿಗೆಲ್ಲ ತೋರಿಸಿದರು.

ಮುಂದಿನ ಭಾನುವಾರ ನಾನು ಏಳುವ ಮೊದಲೇ ಅವರು ಅವಲಕ್ಕಿ ಚೂಡಾದ ಡಬ್ಬಿ ಕಟ್ಟಿಕೊಂಡು, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. “ಮತ್ತ ಯಾವ ಊರಾಗ ದೋಣಿ ಅದಾವು?” ಎಂದು ಕೇಳಿದರು.