ಕುಂಞಿ ಬ್ಯಾರಿಯ ಡಾಡ್ಜ್ ಗಾಡಿ

ಸೌದಿಯ ಕೆಲಸ ಬಿಟ್ಟು ಊರಿಗೆ ಬಂದವರು ಪಾಣೆಮಂಗಳೂರಿನಲ್ಲಿ ಏನು ಮಾಡುತ್ತಾರೆ? ಅಂಗಡಿ ಹಾಕುತ್ತಾರೆ, ಇಲ್ಲವೇ ಇದ್ದ ಮನೆಗೆ ಇನ್ನೊಂದು ಮಾಳಿಗೆ ಏರಿಸುತ್ತಾರೆ. ನಿಝಾಮ್ ಮಾಡಿದ್ದು ಎರಡೂ ಅಲ್ಲ. ಕೊಕ್ಕಡದ ಲೋಕನಾಥರ ಶೆಡ್ಡಿನಲ್ಲಿ ಹೆಗ್ಗಣಗಳಿಗೆ ಮನೆಯಾಗಿ ನಿಂತಿದ್ದ ಹಳೆಯ ಡಾಡ್ಜ್ ಪಿಕಪ್ಪೊಂದನ್ನು ಕೊಂಡು, ಲಾರಿಯ ಮೇಲೆ ಹೇರಿಸಿ ತಂದು ಅಂಗಳದಲ್ಲಿ ಇಳಿಸಿದ. ಮಿಲಿಟರಿಯವರು ಯಾವ ಕಾಲದಲ್ಲೋ ಬೇಡವೆಂದು ಹರಾಜು ಹಾಕಿದ್ದ ಗಾಡಿ. ಟಯರು ಕೊಳೆತಿತ್ತು, ಬಾನೆಟ್ಟಿನ ಸಂದಿಯಲ್ಲಿ ಗಿಡ ಎದ್ದಿತ್ತು.

"ಇದನ್ನು ಗುಜರಿಗೆ ಹಾಕಿದ್ರೆ ನಾಲ್ಕು ಪಾತ್ರೆಯಾದ್ರೂ ಸಿಗ್ತಿತ್ತಲ್ಲ ಮಾರಾಯ!" ಎಂದು ನೆರೆಮನೆಯ ಅಸ್ಕರ್ ಬೇಲಿಯಾಚೆಯಿಂದ ತಮಾಷೆ ಮಾಡಿದ. ನಿಝಾಮ್ ನಗಲಿಲ್ಲ.

ನಗುವ ವಿಷಯವೂ ಅಲ್ಲ ಅದು. ಮೀಸೆ ಮೂಡಿದಂದಿನಿಂದ ಗಡ್ಡ ಬೆಳ್ಳಗಾಗುವವರೆಗೆ ಆ ಗಾಡಿಯನ್ನು ಓಡಿಸಿದವರು ಅವನ ಬಾಪ, ಮಹಮ್ಮದ್ ಕುಂಞಿ. ಕಾಡಿನ ಮರವಾಗಲಿ, ರಬ್ಬರ್ ಶೀಟಾಗಲಿ, ಹೆರಿಗೆ ನೋವು ಬಂದ ಹೆಂಗಸಾಗಲಿ, ಕೊಕ್ಕಡದಿಂದ ಬೆಳ್ತಂಗಡಿಗೆ ಅವರೇ ಮುಟ್ಟಿಸಬೇಕು. ಗಾಡಿಯ ಧಣಿ ಲೋಕನಾಥರ ತೋಟದಲ್ಲೇ ಅವರಿಗೆ ಬಿಡಾರ. ಶುಕ್ರವಾರ ಜುಮಾ ನಮಾಝಿಗೆ ಪಾಣೆಮಂಗಳೂರಿಗೆ ಬಂದರೆ ಸಂಜೆಗೆ ವಾಪಸು. ಹಾಗಾಗಿ ಮಗನಿಗೆ ಬಾಪನೆಂದರೆ ವಾರಕ್ಕೊಮ್ಮೆ ಬರುವ ನೆಂಟ. ಮಗ ದೊಡ್ಡವನಾದ, ಸೌದಿಯ ದಮ್ಮಾಮಿಗೆ ಹೋಗಿ ಏಸಿ ಮೆಕ್ಯಾನಿಕ್ ಆದ. ಆಮೇಲೆ ಆ ನೆಂಟಸ್ತನವೂ ಫೋನಿನ ಮೇಲೆಯೇ ನಡೆಯಿತು.

ಕುಂಞಿ ತೀರಿಕೊಂಡ ದಿನ ನಿಝಾಮನ ಪಾಸ್‌ಪೋರ್ಟು ಕೆಲಸ ಕೊಟ್ಟ ಅರಬಿಯ ಕೈಯಲ್ಲಿತ್ತು. ಆ ಮನುಷ್ಯ ಊರಲ್ಲಿರಲಿಲ್ಲ. ಇನ್ನು ಮಯ್ಯತ್ತನ್ನು, ಅಂದರೆ ಹೆಣವನ್ನು, ಹೆಚ್ಚು ಹೊತ್ತು ಇಟ್ಟುಕೊಳ್ಳುವ ಕ್ರಮ ಬ್ಯಾರಿಗಳಲ್ಲಿ ಇಲ್ಲವಷ್ಟೆ. ಬೆಳಿಗ್ಗೆ ಹೋದವರನ್ನು ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಯಾರೋ ಫೋನಿನಲ್ಲಿ ವಿಡಿಯೋ ತೋರಿಸಿದರು. ಕೊಡೆಗಳು, ಬೆನ್ನುಗಳು, ಕೆಸರು ಕಂಡವು. ಮುಖ ಮಾತ್ರ ಕಾಣಲಿಲ್ಲ. ಅದೊಂದು ಸಂಕಟ ಅವನನ್ನು ಒಳಗೊಳಗೇ ತಿಂದಿತು. ಕೆಲವು ವರ್ಷ ಕಳೆದು ಊರಿಗೆ ಬಂದು ನೋಡಿದರೆ ಬಾಪನ ಬಟ್ಟೆಬರೆಯನ್ನೆಲ್ಲ ಉಮ್ಮ ಪಾತುಮ್ಮ ಬಡವರಿಗೆ ಕೊಟ್ಟುಬಿಟ್ಟಿದ್ದರು. ಬಾಪನದು ಅಂತ ಮುಟ್ಟಿ ನೋಡಲು ಉಳಿದದ್ದು ಕೊಕ್ಕಡದ ಆ ಗಾಡಿ ಒಂದೇ.

ಲೋಕನಾಥರು ಎರಡು ಮಾತಾಡಲಿಲ್ಲ. "ಕೊಡುವುದಾದ್ರೆ ನಿನಗೇ ಕೊಡ್ಬೇಕು. ತಗೊಂಡು ಹೋಗು" ಎಂದರು. ಅವರ ಹೆಂಡತಿ ಸರಸ ಆಗ ಊರಲ್ಲಿರಲಿಲ್ಲ, ಮಗಳ ಬಾಣಂತನಕ್ಕೆಂದು ಮೂಡುಬಿದಿರೆಯ ಶಿರ್ತಾಡಿಗೆ ಹೋಗಿದ್ದರು.

ತಂದದ್ದೇನೋ ತಂದ. ಮೊದಲು ಮಾಡಿದ ಕೆಲಸ ಹುಡುಕಾಟ. ಸೀಟಿನ ಹಿಂದೆ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಕೈ ಹಾಕಿ ತಡಕಾಡಿದ. ಒಂದು ಬೀಡಿಕಟ್ಟು, ಒಂದು ಟೊಪ್ಪಿ, ಏನಾದರೂ ಬೇಕಿತ್ತು ಅವನಿಗೆ. ಸಿಕ್ಕಿದ್ದು ತುಕ್ಕು ಹಿಡಿದ ನಟ್ಟುಗಳು, ಇಲಿಯ ಹಿಕ್ಕೆ. ಇರಲಿ, ಗಾಡಿಯನ್ನೇ ಎಬ್ಬಿಸಿ ನಿಲ್ಲಿಸುತ್ತೇನೆ ಎಂದು ಹಟಕ್ಕೆ ಬಿದ್ದ. ಏಸಿ ರಿಪೇರಿ ಬಿಟ್ಟರೆ ಇಂಜಿನಿನ ತಲೆಬುಡ ಗೊತ್ತಿಲ್ಲದ ಮನುಷ್ಯ! ಬಂಟ್ವಾಳದ ಹಳೆ ಮೆಕ್ಯಾನಿಕ್ಕುಗಳನ್ನು ಕಾಡಿ ಬೇಡಿ ಕಲಿತ. ಬಿಚ್ಚಿದ್ದನ್ನು ಜೋಡಿಸಲಾಗದೆ ಅಂಗಳದಲ್ಲಿ ತಲೆ ಮೇಲೆ ಕೈ ಹೊತ್ತು ಕೂತದ್ದೂ ಉಂಟು. ಆದರೆ ದಮ್ಮಾಮಿನಲ್ಲಿ ಒಂದು ಪಾಠ ಕಲಿತಿದ್ದನಲ್ಲ, ಸವೆದದ್ದನ್ನು ತೆಗೆದು ಬಿಸಾಡು, ಹೊಸತು ಹಾಕು ಅಂತ. ಅದನ್ನು ಚಾಚೂ ತಪ್ಪದೆ ಪಾಲಿಸಿದ. ಹೊಸ ಸೀಟು, ಹೊಸ ಸ್ಟೇರಿಂಗು, ಹೊಸ ತಗಡು, ಮೇಲೆ ಪಳಪಳ ಹೊಳೆಯುವ ಹಸಿರು ಪೇಂಟು.

ಇಂಜಿನ್ ಮೊದಲ ಸಲ ಗುಡುಗಿದಾಗ ಪಾತುಮ್ಮ ಅಡುಗೆಮನೆಯಿಂದ ತಲೆಗೆ ತಟ್ಟಂ ಎಳೆದುಕೊಳ್ಳುತ್ತ ಓಡಿ ಬಂದರು. ಬಾಗಿಲಲ್ಲಿ ನಿಂತರು. ಗಾಡಿ ನೋಡಿದರು, ಅದರಲ್ಲಿ ಕೂತ ಮಗನನ್ನು ನೋಡಿದರು. ಮತ್ತೆ ಒಳಗೆ ಹೋದರು.

ಮಳೆಗಾಲದ ಆಟಿ ತಿಂಗಳು ಬಂತು. ಲೋಕನಾಥರ ಫೋನು: "ಭಾನುವಾರ ಗಾಡಿ ತಗೊಂಡು ಬಾ ನಿಝಾಮ. ಸರಸ ಹೇಳಿದ್ದಾಳೆ, ಗಾಡಿ ಬರಲೇಬೇಕಂತೆ." ನಿಝಾಮನಿಗೆ ಹೆಮ್ಮೆಯೋ ಹೆಮ್ಮೆ. ಮಳೆ ಬಿಟ್ಟ ಹೊತ್ತು ನೋಡಿ ಹೊರಟ.

ತುಳುವರ ಮನೆಗಳಲ್ಲಿ ಆಟಿಯಲ್ಲಿ ಸತ್ತ ಹಿರಿಯರಿಗೆ ಬಡಿಸುವ ಕ್ರಮ ಉಂಟು. ಕೋಣೆಯಲ್ಲಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ ಬಾಗಿಲು ಎಳೆದುಕೊಳ್ಳುತ್ತಾರೆ. ಅವರು ಉಂಡಾಯಿತು ಅನ್ನಿಸಿದ ಮೇಲೆ ಮನೆಯವರು ಆ ಎಲೆಗಳಲ್ಲೇ ಕೂತು ಉಣ್ಣುತ್ತಾರೆ. ನಿಝಾಮ್ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದಾಗ ಸರಸ ಒಳಗಿನ ಎಲೆಗಳಿಗೆ ಬಡಿಸಿ ಮುಗಿಸಿದ್ದರು. ಕೈಯಲ್ಲಿ ಇನ್ನೊಂದು ಎಲೆ ಹಿಡಿದು ಹೊರಗೆ ಬಂದರು. ಹೊಸ ಪೇಂಟಿನ ಕಡೆ ಕಣ್ಣೂ ಹಾಯಿಸಲಿಲ್ಲ, ಸೀದಾ ಡ್ರೈವರ್ ಬಾಗಿಲ ಕೆಳಗಿನ ಫುಟ್‌ಬೋರ್ಡಿನ ಹತ್ತಿರ ಹೋಗಿ ನಿಂತರು.

"ಇಲ್ಲಿ ಇದ್ದ ಹಲಗೆ ಎಲ್ಲಿ ಮಗ?"

"ಯಾವ ಹಲಗೆ, ಸರಸಕ್ಕ?"

"ಕುಂಞಿ ಬ್ಯಾರಿ ಕೂತು ಊಟ ಮಾಡ್ತಿದ್ದದ್ದು. ನನ್ನ ಅತ್ತೆಯ ಕಾಲದಲ್ಲಿ ಅವರನ್ನು ಜಗಲಿಗೆ ಕರೆಯುವ ಹಾಗೆ ಇರಲಿಲ್ಲ. ಅತ್ತೆ ಹೋದ ಮೇಲೆ ನಾನು ಕರೆದೆ. ಬರ್ಲಿಲ್ಲ ಅವರು. ಇಲ್ಲೇ ಅಭ್ಯಾಸ ಆಗಿದೆ ಅಂತಿದ್ರು. ಅವರು ಕೂತು ಕೂತು ಹಲಗೆ ಗುಂಡಿ ಬಿದ್ದಿತ್ತು. ಅವರು ಹೋದ ಮೇಲೆ ವರ್ಷವೂ ಆಟಿಗೆ ನಾನು ಎಲೆ ಹಾಕಿದ್ದು ಅದರ ಮೇಲೆಯೇ."

 ಆ ಹಲಗೆಯನ್ನು ನಿಝಾಮ್ ಮೊದಲ ವಾರವೇ ಕಿತ್ತು ಹಾಕಿದ್ದ. ನಡುವೆ ಗುಂಡಿ ಬಿದ್ದದ್ದು ಕಂಡು, ಗೆದ್ದಲು ತಿಂದಿರಬೇಕು ಎಂದುಕೊಂಡು ಬಚ್ಚಲ ಒಲೆಯ ಬದಿಗೆ ಎಸೆದಿದ್ದ. ಅಯ್ಯೋ, ಸೀಟಿನ ಹಿಂದೆ, ಗೂಡಿನೊಳಗೆ ತಡಕಾಡಿದವನು ಕಾಲಡಿಯಲ್ಲೇ ಇದ್ದದ್ದನ್ನು ಕಾಣಲಿಲ್ಲವಲ್ಲ! ಬಾಪನ ಜೀವಮಾನದ ಗುರುತು ಉಮ್ಮನ ಒಂದು ದಿನದ ಬಿಸಿನೀರಿಗೆ ಆಗಿಹೋಯಿತು.

"ಸುಟ್ಟುಬಿಟ್ಟೆ ಸರಸಕ್ಕ" ಎಂದ.  "ನನಗೆ ಗೊತ್ತಿರ್ಲಿಲ್ಲ. ನನಗೆ ಏನೂ ಗೊತ್ತಿರ್ಲಿಲ್ಲ."

 ಸರಸ ಬಗ್ಗಿ, ಹೊಸ ಕಬ್ಬಿಣದ ತಗಡನ್ನು ಸೆರಗಿನಿಂದ ಒರೆಸಿ ಎಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. "ಒಳಗಿನ ಎಲೆಗಳಿಗೆ ಕೋಳಿ. ಇವರಿಗೆ ನಾನು ಕೋಳಿ ಬಡಿಸುವುದಿಲ್ಲ. ನಿಮ್ಮವರು ಕೊಯ್ದದ್ದಲ್ಲವಲ್ಲ, ಅವರಿಗೆ ಆಗ್ಲಿಕ್ಕಿಲ್ಲ. ಅದಕ್ಕೆ ಮೀನು." ಕುಂಞಿ ಬ್ಯಾರಿ ಉಣ್ಣಲಿ ಎಂದು ಎಲ್ಲರೂ ಜಗಲಿಗೆ ಸರಿದು ನಿಂತರು.

ಸ್ವಲ್ಪ ಹೊತ್ತಿನ ಮೇಲೆ ಸರಸ ಅಂದರು: "ಇಷ್ಟು ವರ್ಷ ಈ ಎಲೆಯಲ್ಲಿ ಕೂರ್ಲಿಕ್ಕೆ ಅವರದ್ದು ಅಂತ ಯಾರೂ ಇರ್ಲಿಲ್ಲ. ತೆಂಗಿನ ಬುಡಕ್ಕೆ ಹಾಕ್ತಿದ್ದೆ. ಇವತ್ತು ನೀನು ಇದ್ದೀ."

ನಿಝಾಮ್ ತಲೆ ತಗ್ಗಿಸಿದ. "ಸತ್ತವರಿಗೆ ಬಡಿಸಿದ್ದು ನಮಗೆ ಆಗುವುದಿಲ್ಲ ಸರಸಕ್ಕ. ನಮ್ಮಲ್ಲಿ ಹಾಗೆ ಇಲ್ಲ. ನೀವು ಬೇಸರ ಮಾಡ್ಬಾರ್ದು."

ಅವರ ಮುಖ ಸಣ್ಣದಾಯಿತು. "ಒತ್ತಾಯ ಬೇಡ" ಎಂದು ಲೋಕನಾಥರು ಮೆಲ್ಲಗೆ ಹೇಳಿದರು. ಸರಸ ಒಳಗೆ ಹೋದರು. ಮತ್ತೆ ಬಂದಾಗ ಒಂದು ಕೈಯಲ್ಲಿ ಖಾಲಿ ಎಲೆ, ಇನ್ನೊಂದರಲ್ಲಿ ಅನ್ನದ ಪಾತ್ರೆ. "ಇದು ಸತ್ತವರದ್ದಲ್ಲ ಮಗ, ಇದು ನಿನ್ನದು. ನಿನ್ನ ಬಾಪ ಒಳಗೆ ಬರಲೇ ಇಲ್ಲ. ನೀನಾದ್ರೂ ಬಾ, ಒಳಗೆ ಕೂತು ಊಟ ಮಾಡು."

ನಿಝಾಮ್ ಜಗಲಿಯನ್ನು ನೋಡಿದ, ಗಾಡಿಯನ್ನು ನೋಡಿದ. "ಇನ್ನೊಂದು ದಿನ ಒಳಗೆ ಬರ್ತೇನೆ" ಎಂದು ಎಲೆಯನ್ನು ಅವರ ಕೈಯಿಂದ ತೆಗೆದುಕೊಂಡು ಅಂಗಳಕ್ಕೆ ಇಳಿದ. ಫುಟ್‌ಬೋರ್ಡಿನಲ್ಲಿ ಬಾಪನ ಎಲೆಯ ಪಕ್ಕ ಕೂತು ತನ್ನ ಎಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಸರಸ ಬಡಿಸಿದರು. ಬಿಸ್ಮಿಲ್ಲಾ ಹೇಳಿ ತುತ್ತು ಬಾಯಿಗಿಟ್ಟವನಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಉಂಡ. ಬಾಪನೂ ತಾನೂ ಪಕ್ಕಪಕ್ಕ ಕೂತು ಕೊನೆಯ ಸಲ ಊಟ ಮಾಡಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.