ಊದದ ಸೀಟಿ

ಆ ಕ್ಷೌರಿಕನ ನಾಲಿಗೆ ಅವನ ಕತ್ತರಿಗಿಂತ ಹರಿತ. ಟಿವಿಯಲ್ಲಿ ಬರುವ ಫುಟ್‌ಬಾಲ್ ಲೀಗ್‌ನ ಪಟ್ಟಕ್ಕೆ ಎರಡು ತಂಡಗಳ ನಡುವೆ ಜಿದ್ದಾಜಿದ್ದಿ ಶುರುವಾದಾಗಿನಿಂದ ಅವನ ಅಂಗಡಿಯಲ್ಲಿ ರೆಫರಿಗಳ ಜನ್ಮ ಜಾಲಾಡುವುದೇ ಕೆಲಸ.

"ಪಟ್ಟ ಯಾರಿಗೆ ಅಂತ ಮೊದಲೇ ಮಾತಾಗಿದೆ ಕಣ್ರೀ! ಕಣ್ಣೆದುರಿಗೇ ಚೆಂಡು ಕೈಗೆ ತಾಗಿದೆ, ಸೀಟಿ ಊದಲಿಲ್ಲ. ಅವನು ಹೊಟ್ಟೆಗೆ ಏನು ತಿಂತಾನೆ?" ಎಂದು ಗಿರಾಕಿಯ ತಲೆಯ ಮೇಲೇ ಗುಡುಗುತ್ತಿದ್ದ.

ಇಷ್ಟು ನ್ಯಾಯವಂತ ನಮ್ಮಲ್ಲೇ ಇರುವಾಗ ಹೊರಗಿನವರೇಕೆ ಎಂದು, ಮೇಲಿನ ಬೀದಿಯವರೂ ಕೆಳಗಿನ ಬೀದಿಯವರೂ ಸೇರಿ ತಮ್ಮತಮ್ಮ ನಡುವಿನ ಭಾನುವಾರದ ಪಂದ್ಯಕ್ಕೆ ಅವನ ಕೈಗೇ ಸೀಟಿ ಕೊಟ್ಟರು. ಮೇಲಿನ ಬೀದಿಯ ತಂಡದಲ್ಲಿ ಅವನ ಅಳಿಯನೂ ಇದ್ದ.

ಆಟ ಮುಗಿಯುವ ಹೊತ್ತಿಗೆ ಅಳಿಯ ಚೆಂಡನ್ನು ಅಂಗೈಯಲ್ಲಿ ತಳ್ಳಿಕೊಂಡು ಗೋಲು ಹೊಡೆದ. ಕ್ಷೌರಿಕ ಅದನ್ನು ಕಣ್ಣಾರೆ ಕಂಡ. ಸೀಟಿ ತುಟಿಯಲ್ಲೇ ಇತ್ತು, ಉಸಿರು ಮಾತ್ರ ಹೊರಡಲಿಲ್ಲ. ಅಳಿಯನ ಕಡೆಯವರು ಕಪ್ಪಿನ ಜೊತೆ ಅವನನ್ನೂ ಹೆಗಲಿಗೇರಿಸಿದರು.

ಮರುದಿನ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಬಂದವನು ಸೋತ ತಂಡದ ಗೋಲ್‌ಕೀಪರ್, ಕೆಳಗಿನ ಬೀದಿಯ ಬಡಗಿ. ಕ್ಷೌರಿಕ ಒರೆಸಿದ ಕುರ್ಚಿಯನ್ನೇ ಮತ್ತೊಮ್ಮೆ ಒರೆಸಿದ.

"ಅಣ್ಣಾ, ಕೈಗೆ ತಾಗಿತ್ತು ಅಂತ ನಮ್ಮ ಹುಡುಗ್ರು ನಿನ್ನೆ ಒಂದೇ ಸಮನೆ ಹಾರಾಡಿದ್ರು," ಎಂದ ಬಡಗಿ ಕುರ್ಚಿಯಲ್ಲಿ ಕೂರುತ್ತಾ. "ನಾನೇ ಗದರಿದೆ. ತಾಗಿದ್ರೆ ಅಣ್ಣ ಸುಮ್ನೆ ಬಿಡ್ತಿದ್ರಾ ಅಂದೆ."

"ಅದು..." ಎಂದ ಕ್ಷೌರಿಕ. ನೊರೆ ಹಚ್ಚಿ, ಕತ್ತಿಗೆ ಹೊಸ ಬ್ಲೇಡು ಹಾಕಿದ.

ಬಡಗಿ ಗದ್ದ ಮೇಲೆತ್ತಿ, ಅವನ ಕತ್ತಿಗೆ ತನ್ನ ಕೊರಳೊಡ್ಡಿ, ನೆಮ್ಮದಿಯಾಗಿ ಕಣ್ಣು ಮುಚ್ಚಿಕೊಂಡ.