ಎರಡೂ ಕಡೆಯ ಫೀ

ಚಿತ್ತವಾಡ್ಗಿಯಲ್ಲಿ ಮನೆಗಳಿಗೆ ಬೆಲೆ ಕಟ್ಟುತ್ತಿದ್ದ ಆ ಬ್ರೋಕರು, ಯಾರು ಅವಸರ ಮಾಡಿದರೂ ಒಂದು ವಾರದ ಸಮಯ ಕೇಳುತ್ತಿದ್ದ. ನಲ್ಲಿಗೆ ನೀರು ಬರುವಾಗ ಒಮ್ಮೆ, ಲಾರಿಗಳು ಓಡಾಡುವಾಗ ಒಮ್ಮೆ ಆ ಮನೆಗೆ ಬಂದು ಸುಮ್ಮನೆ ಕೂರುತ್ತಿದ್ದ. "ಜಲ್ದಿ ಹೇಳಿದ ರೇಟು ಜಲ್ದಿ ಕೆಡತೈತ್ರಿ" ಎನ್ನುತ್ತಿದ್ದ.

ನಮ್ಮ ಅಪ್ಪನ ಮನೆಯಲ್ಲಿ ಅಕ್ಕನ ಪಾಲನ್ನು ಕೊಳ್ಳಲು ಹೊರಟ ಅಣ್ಣ ಆತನನ್ನು ಕರೆಸಿದ.

"ಡಬಲ್ ಫೀ ಕೊಡ್ತೀನಿ, ಇವತ್ತೇ ಹೇಳ್ರಿ."

"ಡಬಲ್ ಬ್ಯಾಡ್ರಿ, ಅರ್ಧ ಕೊಡ್ರಿ. ಉಳಿದರ್ಧ ಅಕ್ಕಾರು ಕೊಡ್ಲಿ. ಒಬ್ರೇ ಕೊಟ್ರ ರೇಟು ಅವ್ರ ಕಡಿ ವಾಲತೈತಿ."

"ಕೊಟ್ಟ ಹೆಣ್ಣು, ಆಕಿಗ್ಯಾಕ್ರಿ ಅದು?" ಎಂದು ಅಣ್ಣ ನಕ್ಕ.

ಬ್ರೋಕರು ಕೊನೆಗೆ ಹೇಳಿದ ಬೆಲೆ ನನಗೆ ನೆನಪಿಲ್ಲ. ಈ ಮಾತುಗಳೂ ಹೀಗೇ ಇದ್ದವೆಂಬ ನಂಬಿಕೆಯಿಲ್ಲ. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ತನ್ನ ಅರ್ಧ ಫೀ ಕೊಟ್ಟು, ಕುರ್ಚಿ ಎಳೆದುಕೊಂಡು ಅಣ್ಣನ ಎದುರು ಕುಳಿತದ್ದು ನಿಜ.

"ವಾರ ತಗೊಳ್ರಿ" ಎಂದು ಬ್ರೋಕರಿಗೆ ಹೇಳಿದಳು.